ಗ್ರಂಥಾಲಯಕ್ಕೆ ಹಿರಿಯ ಅಧಿಕಾರಿಗಳನ್ನು ಆರಿಸುವುದು: ಕೇಳಿ, ಮೇಡಂ ಉತ್ತರಿಸುತ್ತಾರೆ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಸಾರ್ವಜನಿಕ ಗ್ರಂಥಾಲಯಗಳಿಗೆ ನಿರ್ದೇಶಕರು, ಉಪನಿರ್ದೇಶಕರು, ಹೀಗೆ ಹಿರಿಯ ಹುದ್ದೆಗಳಿಗೆ ಜನರನ್ನು ಆರಿಸುವ ಬಗ್ಗೆ ಇವತ್ತಿನ ಪ್ರಶ್ನೋತ್ತರ. ಉತ್ತರ ಕೊಡುವ ಮೇಡಂ ದೊಡ್ಡದೊಂದು ಗ್ರಂಥಾಲಯ ವ್ಯವಸ್ಥೆಯನ್ನು ನಡೆಸಿ ನಿವೃತ್ತರಾದವರು. ಈಗ ಆಯ್ಕೆ ಸಮಿತಿಗಳಿಗೆ ಸಲಹೆ ಕೊಡುತ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಮೆಸೇಜು ದಯವಿಟ್ಟು ಬೇಡ.

ಓದುವ ಮೇಜು: ನಮಸ್ತೆ ಮೇಡಂ. ಮೊದಲ ಸಲ ಆಯ್ಕೆ ಸಮಿತಿಯಲ್ಲಿ ಕೂರುತ್ತಿದ್ದೇನೆ. ಸಂದರ್ಶನದಲ್ಲಿ ಏನು ಕೇಳಬೇಕು ಅಂತ ಸ್ವಲ್ಪ ಹೇಳಿ.

ಮೇಡಂ: ನಮಸ್ತೆ. ಏನು ಕೇಳುತ್ತೀರಿ ಅನ್ನುವುದಕ್ಕಿಂತ ಎಲ್ಲರಿಗೂ ಅದನ್ನೇ ಕೇಳುತ್ತೀರಾ ಅನ್ನುವುದು ಮುಖ್ಯ. ಒಂದೇ ಪ್ರಶ್ನೆಗಳು, ಒಂದೇ ಕ್ರಮ. ಒಳ್ಳೆಯ ಉತ್ತರದಲ್ಲಿ ಏನಿರಬೇಕು ಅಂತ ಮೊದಲೇ ಬರೆದಿಟ್ಟುಕೊಳ್ಳಿ. ಪ್ರತಿ ಸದಸ್ಯರೂ ತಮ್ಮ ಅಂಕ ತಾವೇ ಹಾಕಿ ಆಮೇಲೆ ಮಾತಾಡಿ. ಅಧ್ಯಕ್ಷರು ಮೊದಲು ಬಾಯಿ ಬಿಟ್ಟರೆ ಉಳಿದವರ ಅಂಕ ಅವರ ಕಡೆಗೇ ವಾಲುತ್ತದೆ, ಬೇಕಾದರೆ ನೋಡಿ. ನೇಮಕಾತಿ ವಿಧಾನಗಳ ಬಗ್ಗೆ ನಡೆದ ಅಧ್ಯಯನಗಳನ್ನೆಲ್ಲ ಒಟ್ಟು ಸೇರಿಸಿ 2022ರಲ್ಲಿ ಮರುಲೆಕ್ಕ ಹಾಕಿದಾಗ ಇಂಥ ಕಟ್ಟುನಿಟ್ಟಿನ ಸಂದರ್ಶನವೇ ಎಲ್ಲಕ್ಕಿಂತ ಮೇಲೆ ನಿಂತಿತು. ಸುಮ್ನೆ ಹರಟೆ ಹೊಡೆಯುವ ಸಂದರ್ಶನ ಬಹಳ ಹಿಂದೆ ಉಳಿಯಿತು.

ಇನ್ನೊಂದು. ‘ನಿಮ್ಮ ದೃಷ್ಟಿಕೋನವೇನು’ ಅಂತ ಕೇಳಬೇಡಿ. ಮೇಜಿನ ಮೇಲೆ ಒಂದು ಕಟ್ಟು ಕಾಗದ ಇಡಿ. ಒಂದು ಪುಸ್ತಕ ತೆಗೆದುಹಾಕಿ ಅಂತ ಮೂವತ್ತು ಜನ ಸಹಿ ಹಾಕಿದ ಪತ್ರ. ಶಾಖೆಯ ಚಾವಣಿ ಸೋರುತ್ತಿದೆ ಅನ್ನುವ ದೂರು. ಇ-ಪುಸ್ತಕಗಳ ಪರವಾನಗಿ ತಿಂಗಳ ಕೊನೆಗೆ ಮುಗಿಯುತ್ತದೆ ಅನ್ನುವ ಪ್ರಕಾಶಕರ ಸೂಚನೆ. ಭಾನುವಾರದ ಪಾಳಿಗೆ ಯಾರೂ ಬರಲ್ಲ ಅನ್ನುವ ಸಿಬ್ಬಂದಿಯ ಮನವಿ. ಒಂದು ಗಂಟೆ ಕೊಡಿ. ಯಾವುದನ್ನು ಮೊದಲು ಕೈಗೆತ್ತಿಕೊಂಡರು, ಯಾರಿಗೆ ಏನು ಬರೆದರು, ಯಾವುದನ್ನು ಬೇರೆಯವರಿಗೆ ಒಪ್ಪಿಸಿದರು, ನೋಡಿ. ಇ-ಪುಸ್ತಕ ಒಮ್ಮೆ ಕೊಂಡರೆ ನಮ್ಮದೇ ಅಂತ ಬರೆದವರನ್ನು ನಾನು ನೋಡಿದ್ದೇನೆ. 2011ರಲ್ಲೇ ಹಾರ್ಪರ್ ಕಾಲಿನ್ಸ್ ಅನ್ನುವ ದೊಡ್ಡ ಪ್ರಕಾಶನ ಸಂಸ್ಥೆ ಇ-ಪುಸ್ತಕಗಳ ಬಗ್ಗೆ ‘26 ಸಲ ಎರವಲು ಕೊಟ್ಟರೆ ಮುಗಿಯಿತು, ಮತ್ತೆ ಕೊಳ್ಳಿ’ ಅಂತ ಗ್ರಂಥಾಲಯಗಳಿಗೆ ಹೇಳಿತ್ತು. ಬಜೆಟ್ ಮಾಡುವ ಹುದ್ದೆಗೆ ಬರುವವರಿಗೆ ಇಷ್ಟು ಗೊತ್ತಿರಬೇಕಲ್ವಾ?

ಹಳೇ ಕಪಾಟು: ಎಲ್ಲರಿಗೂ ಉಪಯೋಗವಾಗಲಿ ಅಂತ ಹಾಕುತ್ತಿದ್ದೇನೆ. 👇 ‘ಕೈಬರಹ ನೋಡಿ ನಾಯಕತ್ವ ಅಳೆಯಿರಿ! ಸಹಿಯ ಕೆಳಗೆ ಗೆರೆ ಎಳೆಯುವವರು ಹುಟ್ಟು ಮುಖ್ಯಸ್ಥರು. ಅಕ್ಷರ ಎಡಕ್ಕೆ ವಾಲಿದರೆ ನಂಬಬೇಡಿ. 10 ಗ್ರೂಪ್‌ಗೆ ಕಳಿಸಿ.’

ಮೇಡಂ: ಅಡ್ಮಿನ್ ಈಗ ತಾನೇ ಬೇಡ ಅಂದರು. ಕೈಬರಹಕ್ಕೂ ಕೆಲಸಕ್ಕೂ ಸಂಬಂಧ ಹುಡುಕಿದವರು ಬೇಕಾದಷ್ಟು ಜನ. 1998ರ ಹೆಸರಾಂತ ಸಮೀಕ್ಷೆಯಲ್ಲಿ ಅದರ ಬೆಲೆ ಹೆಚ್ಚುಕಡಿಮೆ ಸೊನ್ನೆ. ಇದನ್ನು ನಂಬಿ ಒಬ್ಬರ ಅರ್ಜಿ ಪಕ್ಕಕ್ಕಿಟ್ಟರೆ ಅದು ಅನ್ಯಾಯ. ನಾಳೆ ಅವರು ಕಾರಣ ಕೇಳಿದರೆ ಏನಂತ ಬರೆದು ಕೊಡುತ್ತೀರಿ? ‘ನಿಮ್ಮ ಅಕ್ಷರ ಎಡಕ್ಕೆ ವಾಲಿತ್ತು’ ಅಂತಲೇ?

ಹಳೇ ಕಪಾಟು: ಸುಮ್ನೆ ಮಾಹಿತಿಗೆ ಅಂತ ಹಾಕಿದ್ದು ಮೇಡಂ 🙏

ಬಿಡುವಿನ ವೇಳೆ: ಮೇಡಂ ಸಂದರ್ಶನಕ್ಕೆ ಯಾವ ಪ್ರಶ್ನೆ ಕೇಳಿದರೆ ಒಳ್ಳೆಯದು?

ಮೇಡಂ: ಮೇಲೆ ಬರೆದಿದ್ದೇನೆ.

ಎರಡನೇ ಮಹಡಿ: ಮೇಡಂ, ಇಬ್ಬರು ಅರ್ಧರ್ಧ ದಿನ ಹಂಚಿಕೊಂಡು ಒಂದೇ ಹಿರಿಯ ಹುದ್ದೆಯನ್ನು ನಿಭಾಯಿಸಬಹುದಾ? ನಮ್ಮಲ್ಲಿ ಇಬ್ಬರು ಹಾಗೆ ಅರ್ಜಿ ಹಾಕಿದ್ದಾರೆ.

ಕಡತದ ದಾರ: ಮೇಡಂ, ನಮ್ಮದು ಮಧ್ಯಮ ಗಾತ್ರದ ವ್ಯವಸ್ಥೆ. ಒಂದು ಕೇಂದ್ರ ಗ್ರಂಥಾಲಯ, ಹದಿನೆಂಟು ಶಾಖೆ, ಒಂದು ಸಂಚಾರಿ ವಾಹನ. ಶಾಖೆಗಳನ್ನು ನೋಡಿಕೊಳ್ಳುವ ಉಪನಿರ್ದೇಶಕರ ಹುದ್ದೆಗೆ ಇದು ಮೂರನೇ ಸಲ ಜಾಹೀರಾತು. ಮೊದಲು ಬಂದವರು ಎಂಟು ತಿಂಗಳಿಗೆ ಬಿಟ್ಟರು. ಎರಡನೆಯವರು ವರ್ಷ ತುಂಬುವ ಮೊದಲೇ ಹೋದರು. ಇಬ್ಬರೂ ಚೆನ್ನಾಗಿ ಕೆಲಸ ಮಾಡುವವರೇ. ನಡುವೆ ಎಲ್ಲ ನೋಡಿಕೊಂಡಿದ್ದು ನಮ್ಮ ಪ್ರಭಾರಿ ಅಧಿಕಾರಿ. ತುಂಬಾ ನಿಷ್ಠೆಯವರು. ಈ ಸಲದ ಅರ್ಜಿಗಳನ್ನೂ ಅವರೇ ತೆಗೆದುಕೊಂಡು ಪಟ್ಟಿ ಮಾಡಿದ್ದಾರೆ. ಮುಂದಿನ ವಾರ ಸಂದರ್ಶನ. ಉಳಿಯುವಂಥವರನ್ನು ಗುರುತಿಸೋದು ಹೇಗೆ? ಜಾಹೀರಾತಿನಲ್ಲಿ ಕರ್ತವ್ಯ ಅಂತ ಇರುವುದು ಇಷ್ಟು: ‘ಎಲ್ಲಾ ಶಾಖೆಗಳ ಸಂಪೂರ್ಣ ಹೊಣೆ. ಸಿಬ್ಬಂದಿ ನಿಯೋಜನೆ ಮತ್ತು ಪುಸ್ತಕ ಖರೀದಿಯಲ್ಲಿ ಕೇಂದ್ರ ಕಚೇರಿಗೆ ಸಹಕಾರ. ಮೇಲಧಿಕಾರಿಗಳು ವಹಿಸುವ ಇತರೆ ಕೆಲಸಗಳು.’

ಮೇಡಂ: ಸಂದರ್ಶನ ಮುಂದಕ್ಕೆ ಹಾಕಿ. ಕಾರಣ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಉಳಿಯುವವರು ಯಾರು ಅಂತ ಕೇಳುತ್ತಿದ್ದೀರಿ. ಒಬ್ಬರು ಹೋದರೆ ಅವರ ಮನೆ ಕಷ್ಟ, ಅವರ ಸ್ವಭಾವ ಅನ್ನಬಹುದು. ಚೆನ್ನಾಗಿ ಕೆಲಸ ಮಾಡುವ ಇಬ್ಬರು ಒಂದೇ ಕುರ್ಚಿಯಿಂದ ಎದ್ದು ಹೋದರೆ ಕುರ್ಚಿಯ ಕಾಲು ಅಲ್ಲಾಡಿಸಿ ನೋಡಬೇಕು.

ನಿಮ್ಮ ಜಾಹೀರಾತನ್ನೇ ತೆಗೆದುಕೊಳ್ಳಿ. ಹದಿನೆಂಟು ಶಾಖೆಗಳ ಹೊಣೆ ಈ ವ್ಯಕ್ತಿಯದು. ಆದರೆ ಸಿಬ್ಬಂದಿಯನ್ನು ಎಲ್ಲಿಗೆ ಹಾಕಬೇಕು, ಯಾವ ಪುಸ್ತಕ ಕೊಳ್ಳಬೇಕು ಅನ್ನುವ ಸಹಿ ಬೇರೆಯವರದು. ಇದು ನಡೆಯುವುದು ಹೇಗೆ ಗೊತ್ತಾ? ಒಂದು ಶಾಖೆಯಲ್ಲಿ ಇಬ್ಬರಿಗೂ ಒಂದೇ ದಿನ ಹುಷಾರಿಲ್ಲ. ಪಕ್ಕದ ಶಾಖೆಯಲ್ಲಿ ಮೂವರಿದ್ದಾರೆ. ಒಬ್ಬರನ್ನು ಕಳಿಸಿದರೆ ಮುಗಿಯಿತು. ಆದರೆ ಉಪನಿರ್ದೇಶಕರು ಕಳಿಸುವ ಹಾಗಿಲ್ಲ, ಟಿಪ್ಪಣಿ ಬರೆಯಬೇಕು. ಟಿಪ್ಪಣಿ ಕೇಂದ್ರ ಕಚೇರಿಗೆ ಹೋಗಿ ‘ಪರಿಶೀಲಿಸಿ ಮಂಡಿಸಿ’ ಅಂತ ವಾಪಸ್ ಬರುವ ಹೊತ್ತಿಗೆ ಹುಷಾರಿಲ್ಲದವರು ಗುಣವಾಗಿ ಕೆಲಸಕ್ಕೆ ಬಂದಿರುತ್ತಾರೆ. ಅಷ್ಟರಲ್ಲಿ ಬೀಗ ಹಾಕಿದ ಬಾಗಿಲ ಮುಂದೆ ನಿಂತ ಓದುಗರು ಬೈದದ್ದು ಯಾರಿಗೆ? ಶಾಖೆಯ ಬೋರ್ಡಿನ ಮೇಲೆ ಯಾರ ಫೋನ್ ನಂಬರ್ ಇದೆಯೋ ಅವರಿಗೆ. ಕೆಲಸ ಬಲ್ಲವರು ಇಂಥ ಕಡೆ ಒಂದು ವರ್ಷ ಇದ್ದದ್ದೇ ಹೆಚ್ಚು. ಉಳಿಯುವವರು ಬೇಕೆಂದರೆ ಸಿಗುತ್ತಾರೆ. ಏನೂ ಮಾಡದೆ ಇರಲು ಒಪ್ಪುವವರು ಉಳಿಯುತ್ತಾರೆ.

ಇನ್ನು ನನಗೆ ನಿಜವಾಗಿ ಆತಂಕ ತಂದ ಸಾಲು. ಪ್ರಭಾರಿ ಅಧಿಕಾರಿಯೇ ಅರ್ಜಿ ಸ್ವೀಕರಿಸಿ ಪಟ್ಟಿ ಮಾಡಿದ್ದಾರೆ. ಹೊಸಬರು ಬಂದ ದಿನ ಇವರ ಪ್ರಭಾರ ಹೋಗುತ್ತದೆ. ಅವರು ಮೋಸ ಮಾಡಿದ್ದಾರೆ ಅಂತ ನಾನು ಹೇಳುತ್ತಿಲ್ಲ. ಆದರೆ ಫಲಿತಾಂಶದಿಂದ ಲಾಭವೋ ನಷ್ಟವೋ ಇರುವವರ ಕೈಗೆ ಅರ್ಜಿ ಕೊಡಬಾರದು. ನಾಳೆ ಯಾರಾದರೂ ಬೆರಳು ತೋರಿಸಿದರೆ ಅವರ ಇಷ್ಟು ವರ್ಷದ ನಿಷ್ಠೆಯೂ ನೀರುಪಾಲು. ಅವರ ಒಳ್ಳೆಯದಕ್ಕೂ ಹೇಳುತ್ತಿದ್ದೇನೆ.

ನನಗೆ ಮೂರು ವಿಷಯ ತಿಳಿಸಿ. ಪ್ರಭಾರಿ ತಾವೂ ಅರ್ಜಿ ಹಾಕಿದ್ದಾರಾ? ಬಿಟ್ಟು ಹೋದ ಇಬ್ಬರನ್ನು ಯಾರಾದರೂ ಕೂರಿಸಿ ಮಾತಾಡಿಸಿದ್ದಾರಾ? ಬಂದ ಅರ್ಜಿ ಎಷ್ಟು, ಪಟ್ಟಿಗೆ ಸೇರಿದ್ದು ಎಷ್ಟು?

ಸೈಲೆನ್ಸ್ ಪ್ಲೀಸ್: ಎಲ್ಲಾ ಸರಿ, ಮೂಲ ಪ್ರಶ್ನೆ ಬೇರೆಯೇ ಇದೆ. ಈ ಹುದ್ದೆಗೆ ಗ್ರಂಥಾಲಯ ವಿಜ್ಞಾನ ಓದಿದವರೇ ಯಾಕೆ ಬೇಕು? ಹಣ, ಜನ, ಕಟ್ಟಡ ನಡೆಸಲು ಗೊತ್ತಿದ್ದರೆ ಸಾಕು. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಅನ್ನಿಸಿಕೊಂಡ ಎಸ್.ಆರ್. ರಂಗನಾಥನ್ ಗಣಿತದ ಮೇಷ್ಟರಾಗಿದ್ದವರು. 1924ರಲ್ಲಿ ನೇರ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು.

ಡ್ಯೂ ಡೇಟ್: ಅರ್ಧ ಕಥೆ ಹೇಳಬೇಡಿ ಸರ್. ಹುದ್ದೆ ಸಿಕ್ಕ ಮೇಲೆ ಅವರು ಲಂಡನ್ನಿಗೆ ಹೋಗಿ ಗ್ರಂಥಾಲಯ ಶಾಲೆಯಲ್ಲಿ ಕಲಿತರು, ಅಲ್ಲಿನ ಸಾರ್ವಜನಿಕ ಗ್ರಂಥಾಲಯಗಳನ್ನು ಕಣ್ಣಾರೆ ನೋಡಿ ಬಂದರು. ಆಮೇಲೆ 1931ರಲ್ಲಿ ಗ್ರಂಥಾಲಯ ವಿಜ್ಞಾನದ ಐದು ನಿಯಮ, ಅಂದರೆ ಪಂಚಸೂತ್ರ. ಕಲಿಯದೆ ಆಗಲಿಲ್ಲ.

ಸೈಲೆನ್ಸ್ ಪ್ಲೀಸ್: ನಾನು ಹೇಳುತ್ತಿರುವುದೂ ಅದೇ. ಮೊದಲು ನೇಮಕ, ಆಮೇಲೆ ಕಲಿಕೆ. 1939ರಲ್ಲಿ ಕವಿ ಆರ್ಚಿಬಾಲ್ಡ್ ಮ್ಯಾಕ್ಲೀಶ್ ಅವರನ್ನು ಅಮೆರಿಕದ ಸಂಸತ್ತಿನ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಮುಖ್ಯಸ್ಥರಾಗಿ ಹಾಕಿದಾಗ ಅಲ್ಲಿನ ಗ್ರಂಥಪಾಲಕರ ಸಂಘ ಬಹಿರಂಗವಾಗಿ ವಿರೋಧಿಸಿತು. ಇಡೀ ಆಡಳಿತವನ್ನು ಸರಿಮಾಡಿದವರು ಅವರೇ.

ಡ್ಯೂ ಡೇಟ್: ಅದು ಸಾರ್ವಜನಿಕ ಗ್ರಂಥಾಲಯ ವ್ಯವಸ್ಥೆ ಅಲ್ಲ. ಉದಾಹರಣೆ ಬೇಕಾದರೆ ಕಾರ್ಲಾ ಹೇಡನ್ ನೋಡಿ. ಗ್ರಂಥಪಾಲಕಿಯಾಗಿಯೇ ಬೆಳೆದವರು. 1993ರಿಂದ ಬಾಲ್ಟಿಮೋರ್‌ನ ಇನೋಕ್ ಪ್ರ್ಯಾಟ್ ಫ್ರೀ ಲೈಬ್ರರಿ ನಡೆಸಿ, 2016ರಲ್ಲಿ ನೀವು ಹೇಳಿದ ಅದೇ ಲೈಬ್ರರಿ ಆಫ್ ಕಾಂಗ್ರೆಸ್‌ನ ಮುಖ್ಯಸ್ಥೆಯಾದರು.

ಸೈಲೆನ್ಸ್ ಪ್ಲೀಸ್: ಒಬ್ಬರ ಹೆಸರು ಹೇಳಿದರೆ ವಾದ ಗೆದ್ದ ಹಾಗಾ?

ಡ್ಯೂ ಡೇಟ್: ನೀವು ಇಷ್ಟು ಹೊತ್ತು ಮಾಡಿದ್ದು ಏನು ಮತ್ತೆ?

ಮೇಡಂ: ಇಬ್ಬರೂ ಹೆಸರು ಪಟ್ಟಿ ಮಾಡುವುದು ನಿಲ್ಲಿಸಿ. ಆ ಹುದ್ದೆಯವರ ಕೈಕೆಳಗೆ ಅನುಭವಿ ಗ್ರಂಥಪಾಲಕರು ಗಟ್ಟಿಯಾಗಿದ್ದರೆ ಹೊರಗಿನವರು ನಡೆಯುತ್ತಾರೆ. ಇಲ್ಲದಿದ್ದರೆ ನಡೆಯುವುದಿಲ್ಲ. ಪುಸ್ತಕ ತೆಗೆಯಿರಿ ಅಂತ ಒತ್ತಡ ಬಂದಾಗ ನೋಡಿ. ಇಫ್ಲಾ (ಗ್ರಂಥಾಲಯ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟ) ಮತ್ತು ಯುನೆಸ್ಕೋದ ಸಾರ್ವಜನಿಕ ಗ್ರಂಥಾಲಯ ಪ್ರಣಾಳಿಕೆ 1994ರಲ್ಲೂ, 2022ರ ಪರಿಷ್ಕರಣೆಯಲ್ಲೂ ಒಂದೇ ಮಾತು ಹೇಳುತ್ತದೆ. ಸಂಗ್ರಹದ ಮೇಲೆ ರಾಜಕೀಯ, ಧಾರ್ಮಿಕ, ವ್ಯಾಪಾರಿ ಒತ್ತಡ ಇರಬಾರದು. ಹಣಕಾಸು ಮಾತ್ರ ಗೊತ್ತಿರುವವರಿಗೆ ಒಂದು ಪುಸ್ತಕ ಹೋದರೆ ಏನಾಯಿತು ಅನ್ನಿಸುತ್ತದೆ. ಕೌಂಟರಿನಲ್ಲಿ ಕೂತವರಿಗೆ ಮುಂದಿನ ಪತ್ರ ಇನ್ನೂ ದಪ್ಪ ಬರುತ್ತದೆ ಅಂತ ಗೊತ್ತು. ನಾನು ಮೊದಲೇ ಹೇಳಿದ ಕಾಗದದ ಕಟ್ಟಿನಲ್ಲಿ ಆ ಪತ್ರ ಇಟ್ಟಿರುವುದು ಅದಕ್ಕೇ. ಪದವಿ ಏನೇ ಇರಲಿ, ಅದಕ್ಕೆ ಏನು ಉತ್ತರ ಬರೆಯುತ್ತಾರೆ ನೋಡಿ.

ಹೊಸ ಸದಸ್ಯೆ: ಮೇಡಂ, ಅಭ್ಯರ್ಥಿಯೊಬ್ಬರು ಈಗಿನ ಕಚೇರಿಗೆ ಫೋನ್ ಮಾಡಬೇಡಿ ಅಂದಿದ್ದಾರೆ. ಅನುಮಾನ ಪಡಬೇಕಾ?

ಮೇಡಂ: ಬೇಡ. ಹುದ್ದೆ ಹುಡುಕುತ್ತಿರುವುದು ಗೊತ್ತಾದರೆ ಅಲ್ಲಿ ಅವರ ಬದುಕು ಕಷ್ಟವಾಗುತ್ತದೆ. ನೀವು ಅವರನ್ನೇ ಆರಿಸಿದ ಮೇಲೆ, ಆದೇಶ ಕೊಡುವ ಮೊದಲು, ಅವರ ಒಪ್ಪಿಗೆ ಪಡೆದು ವಿಚಾರಿಸಿ. ಅಲ್ಲಿಯವರೆಗೆ ಹಿಂದಿನ ಕಚೇರಿಯವರು ಸಾಕು. ‘ಹೇಗೆ ಮನುಷ್ಯ’ ಅಂತ ಕೇಳಬೇಡಿ. ‘ಶಾಖೆಯೊಂದನ್ನು ಮುಚ್ಚುವ ಅಥವಾ ಸಮಯ ಕಡಿತ ಮಾಡುವ ಸಂದರ್ಭ ಬಂದಿತ್ತಾ, ಸಿಬ್ಬಂದಿಗೆ ಹೇಗೆ ತಿಳಿಸಿದರು’ ಅಂತ ಕೇಳಿ.

ಹಳೇ ಕಪಾಟು: ಇದು ಫಾರ್ವರ್ಡ್ ಅಲ್ಲ ಮೇಡಂ, ತರಬೇತಿಯಲ್ಲಿ ಕೊಟ್ಟದ್ದು. ಹದಿನಾರು ವ್ಯಕ್ತಿತ್ವ ಮಾದರಿಯ ಪರೀಕ್ಷೆ. ನಾಲ್ಕು ಇಂಗ್ಲಿಷ್ ಅಕ್ಷರ ಬರುತ್ತದೆ. ನಿರ್ದೇಶಕರಾಗುವವರ ನಾಲ್ಕು ಅಕ್ಷರ ಯಾವುದು ಅಂತ ಪಟ್ಟಿ ಇದೆ. ಜೊತೆಗೆ ಅರ್ಜಿಗಳನ್ನು ತಾನೇ ಓದಿ ಆರಿಸುವ ಎಐ ಆ್ಯಪ್‌ನ ಲಿಂಕ್.

ಮೇಡಂ: ಆ ನಾಲ್ಕಕ್ಷರದ ಪರೀಕ್ಷೆ, ಅಂದರೆ ಮಯರ್ಸ್–ಬ್ರಿಗ್ಸ್, ಪ್ರಕಟಿಸುವ ಸಂಸ್ಥೆಯೇ ಅದನ್ನು ನೇಮಕಾತಿಗೆ ಬಳಸಬಾರದು ಅನ್ನುತ್ತದೆ. ಮಾರುವವರೇ ಬೇಡ ಅಂದದ್ದನ್ನು ನಿಮ್ಮ ತರಬೇತುದಾರರು ಬೇಕು ಅಂದರಾ? ಆ್ಯಪ್ ವಿಷಯ. ಅಮೆಜಾನ್ ಇಂಥದ್ದೊಂದನ್ನು ಕಟ್ಟಿ ಕೈಬಿಟ್ಟಿತು ಅಂತ 2018ರಲ್ಲಿ ಸುದ್ದಿ ಬಂತು. ಹಳೆಯ ಅರ್ಜಿಗಳಿಂದ ಕಲಿತು, ಹೆಂಗಸರ ಸಂಘ, ಹೆಂಗಸರ ಕಾಲೇಜು ಅಂತ ಕಂಡರೆ ಅಂಕ ಕಡಿಮೆ ಮಾಡುತ್ತಿತ್ತು. ಅಭ್ಯರ್ಥಿಗಳ ಖಾಸಗಿ ವಿವರ ಯಾವುದೋ ಲಿಂಕಿಗೆ ಹಾಕಬೇಡಿ. ಇದನ್ನು ಇನ್ನೊಮ್ಮೆ ಹೇಳುವುದಿಲ್ಲ.

ಎರಡನೇ ಮಹಡಿ: ಮೇಡಂ ನನ್ನ ಪ್ರಶ್ನೆ ಕಣ್ಣು ತಪ್ಪಿತು ಅನ್ನಿಸುತ್ತೆ. ಇಬ್ಬರು ಸೇರಿ ಒಂದು ಹುದ್ದೆ?

ಪುಟ ಮಡಚಬೇಡಿ: ಸಂದರ್ಶನದ ಪ್ರಶ್ನೆಗಳ ಪಿಡಿಎಫ್ ಇದ್ದರೆ ಹಾಕಿ ಮೇಡಂ.

ಮೇಡಂ: ಇಲ್ಲ. ಮೊದಲ ಉತ್ತರ ಓದಿ.

ಕಡತದ ದಾರ: ಮೇಡಂ, ವಿಚಾರಿಸಿದೆ. ಪ್ರಭಾರಿ ಅರ್ಜಿ ಹಾಕಿಲ್ಲ. ಬಿಟ್ಟು ಹೋದವರನ್ನು ಯಾರೂ ಮಾತಾಡಿಸಿಲ್ಲ, ರಾಜೀನಾಮೆ ಪತ್ರ ಕಡತಕ್ಕೆ ಸೇರಿದೆ ಅಷ್ಟೇ. ಬಂದ ಅರ್ಜಿ ಮೂವತ್ತೊಂದು, ಪಟ್ಟಿಯಲ್ಲಿ ಇರುವುದು ನಾಲ್ಕು. ಇನ್ನೊಂದು ಹೇಳಬೇಕು. ಸಂದರ್ಶನದ ಪ್ರಶ್ನೆಗಳನ್ನೂ ಅವರೇ ತಯಾರಿಸಿದ್ದಾರೆ.

ಬಂಡಲ್ ನಂ. 7: ಇದರಲ್ಲಿ ತಪ್ಪೇನಿದೆ? ಯಾರೂ ಇಲ್ಲದಾಗ ಹದಿನೆಂಟು ಶಾಖೆ ಎಳೆದವರು ಅವರು. ಪಟ್ಟಿ ಮಾಡಿದರೆ ಅನುಮಾನ, ಪ್ರಶ್ನೆ ಬರೆದರೆ ಅನುಮಾನ. ಹೊರಗೆ ಕೂತು ಬುದ್ಧಿ ಹೇಳುವುದು ಸುಲಭ.

ಡ್ಯೂ ಡೇಟ್: ಆ ಪ್ರಭಾರಿ ನೀವೇ ಅಲ್ವಾ ಸರ್? 😄

ಬಂಡಲ್ ನಂ. 7: ಬಾಯಿಗೆ ಬಂದ ಹಾಗೆ ಮಾತಾಡಬೇಡಿ. ನಾನೂ ಐದು ವರ್ಷ ಪ್ರಭಾರದಲ್ಲಿ ಇದ್ದವನು. ಭತ್ಯೆ ಇಲ್ಲ, ಬಡ್ತಿ ಇಲ್ಲ, ಕೊನೆಗೆ ಹೊರಗಿನವರು ಬಂದು ‘ಬೀಗದ ಕೈ ಎಲ್ಲಿ’ ಅಂತ ಕೇಳುತ್ತಾರೆ.

ಸೈಲೆನ್ಸ್ ಪ್ಲೀಸ್: ಅದಕ್ಕೇ ಹೇಳಿದ್ದು, ಮ್ಯಾನೇಜ್‌ಮೆಂಟ್ ಗೊತ್ತಿರುವವರು ಬೇಕು ಅಂತ.

ಡ್ಯೂ ಡೇಟ್: ಅಯ್ಯೋ, ಮತ್ತೆ ಶುರು.

ಅಡ್ಮಿನ್: ವೈಯಕ್ತಿಕ ಮಾತು ಬೇಡ. ಇನ್ನೊಂದು ಸಲ ಆದರೆ ಇಬ್ಬರನ್ನೂ ಮ್ಯೂಟ್ ಮಾಡುತ್ತೇನೆ.

ಮೇಡಂ: ಬಂಡಲ್ ಸರ್, ನಿಮ್ಮ ಸಂಕಟ ನಿಜ. ಐದು ವರ್ಷ ಪ್ರಭಾರದಲ್ಲಿ ಇಟ್ಟವರದ್ದು ತಪ್ಪು. ಅದಕ್ಕೆ ಪರಿಹಾರ ಬಡ್ತಿ, ಭತ್ಯೆ. ಅರ್ಜಿಗಳ ಕಪಾಟಿನ ಕೀಲಿ ಅಲ್ಲ.

ಕಡತದ ದಾರ ಅವರೇ, ಪಟ್ಟಿ ಬಿಡಿ, ಮೂವತ್ತೊಂದು ಅರ್ಜಿಯನ್ನೂ ಸಮಿತಿಯ ಇಬ್ಬರು ಬೇರೆ ಬೇರೆ ಕೂತು ಮತ್ತೆ ಓದಲಿ. ಕೈಬಿಟ್ಟ ಇಪ್ಪತ್ತೇಳರ ಪಕ್ಕದಲ್ಲಿ ಕಾರಣ ಬರೆದಿದ್ದಾರಾ ನೋಡಿ. ‘ಅನುಭವ ಸಾಲದು’ ಅಂತ ಬರೆದಿದ್ದರೆ ಜಾಹೀರಾತಿನಲ್ಲಿ ಎಷ್ಟು ವರ್ಷ ಕೇಳಿದ್ದಿರಿ ಅಂತ ತಾಳೆ ನೋಡಿ. ಪ್ರಶ್ನೆಗಳನ್ನು ಬದಲಿಸಿ. ಬಿಟ್ಟು ಹೋದ ಇಬ್ಬರಿಗೆ ಸಮಿತಿಯ ಹೊರಗಿನವರೊಬ್ಬರಿಂದ ಫೋನ್ ಮಾಡಿಸಿ. ‘ಯಾವ ಕಾಗದಕ್ಕೆ ನೀವು ಸಹಿ ಹಾಕುವ ಹಾಗಿರಲಿಲ್ಲ’ ಅಂತ ಕೇಳಿದರೆ ಸಾಕು, ಉಳಿದದ್ದನ್ನು ಅವರೇ ಹೇಳುತ್ತಾರೆ. ಮತ್ತೆ ಆ ಪ್ರಭಾರಿಯ ಹತ್ತಿರ ನೀವೇ ಕೂತು ಮಾತಾಡಿ. ಅರ್ಜಿ ಯಾಕೆ ಹಾಕಲಿಲ್ಲ? ಹಾಕಿದರೂ ಕೊಡುವುದಿಲ್ಲ ಅಂತ ಯಾರಾದರೂ ಹೇಳಿದ್ದಾರಾ, ಅಥವಾ ಅವರಿಗೆ ಬೇಡವಾ? ಇದು ನನಗೆ ಇನ್ನೂ ಅರ್ಥವಾಗಿಲ್ಲ.

ಕಡತದ ದಾರ: ಅಧ್ಯಕ್ಷರು ದಿನಾಂಕ ಬದಲಿಸಲು ಒಪ್ಪುವುದು ಕಷ್ಟ. ಅಭ್ಯರ್ಥಿಗಳಿಗೆ ಪತ್ರ ಹೋಗಿದೆ.

ಮೇಡಂ: ಇನ್ನೊಂದು ಪತ್ರ ಹೋಗಲಿ. ನಾಲ್ಕು ಜನಕ್ಕೆ ಕ್ಷಮೆ ಕೇಳುವುದು ಒಂದು ಸಂಜೆಯ ಕೆಲಸ. ಅಧ್ಯಕ್ಷರು ಒಪ್ಪದಿದ್ದರೆ ನಿಮ್ಮ ಆಕ್ಷೇಪಣೆ ನಡಾವಳಿಯಲ್ಲಿ ಬರೆಸಿ, ದಿನಾಂಕ ಹಾಕಿ ಸಹಿ ಮಾಡಿ.

ಬಿಡುವಿನ ವೇಳೆ: ಮೇಡಂ ಕೊನೆಯದಾಗಿ, ಸಂದರ್ಶನ ಎಷ್ಟು ಹೊತ್ತು ಇರಬೇಕು?

ಮೇಡಂ: ಎಲ್ಲರಿಗೂ ಒಂದೇ ಹೊತ್ತು. ನಾನು ಹೊರಡುತ್ತೇನೆ.