ಡಿಟಿಪಿ ಅಂಗಡಿಯ ಹಳೆಯ ಕಂಪ್ಯೂಟರು: ವಿಂಡೋಸ್ 11ಕ್ಕೆ ಹೋಗಬೇಕೇ?

ಅಚ್ಚುಮೊಳೆ:
ನಾನು ತಾಲ್ಲೂಕು ಕೇಂದ್ರವೊಂದರಲ್ಲಿ ಡಿಟಿಪಿ ಅಂಗಡಿ ನಡೆಸುತ್ತಿದ್ದೇನೆ. 2016ರಲ್ಲಿ ಕೊಂಡ, ಇಂಟೆಲ್ 6ನೇ ತಲೆಮಾರಿನ ಪ್ರೊಸೆಸರ್ ಇರುವ ಕಂಪ್ಯೂಟರಿನಲ್ಲಿ ವಿಂಡೋಸ್ 10 ಇದೆ. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಸಹಕಾರ ಸಂಘದ ವಾರ್ಷಿಕ ವರದಿ, ಎಲ್ಲವೂ ಪೇಜ್‌ಮೇಕರ್ 7 ಎಂಬ ಪುಟವಿನ್ಯಾಸದ ತಂತ್ರಾಂಶದಲ್ಲಿ, ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟುಗಳಲ್ಲಿವೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ 11ಕ್ಕೆ ಹೋಗಬೇಕೇ, ಇದ್ದಲ್ಲೇ ಇರಬೇಕೇ ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಮಲೆನಾಡಿಗ:
ಕೆಲವೇ ಅಪವಾದಗಳನ್ನು ಬಿಟ್ಟರೆ ವಿಂಡೋಸ್ 11ಕ್ಕೆ ಇಂಟೆಲ್‌ನ 8ನೇ ಅಥವಾ ಅದರ ನಂತರದ ತಲೆಮಾರಿನ ಪ್ರೊಸೆಸರ್ ಬೇಕು, ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಇರಬೇಕು, ನಿಮ್ಮ ಯಂತ್ರ ಆ ಪಟ್ಟಿಯಲ್ಲಿಲ್ಲ. ಈ ತಪಾಸಣೆಯನ್ನು ತಪ್ಪಿಸಿ ಹಾಕಿಕೊಳ್ಳುವ ಉಪಾಯಗಳಿವೆಯಾದರೂ, ಹಾಗೆ ಹಾಕಿಕೊಂಡವರಿಗೆ ಮುಂದಿನ ಅಪ್‌ಡೇಟ್‌ಗಳ ಖಾತರಿಯಿಲ್ಲವೆಂದು ಮೈಕ್ರೋಸಾಫ್ಟ್ ಹೇಳಿದೆ. ಭದ್ರತೆಗಾಗಿ ಬದಲಾಯಿಸಲು ಹೊರಟವರು ಆ ದಾರಿ ಹಿಡಿಯುವುದರಲ್ಲಿ ಅರ್ಥವಿಲ್ಲ. ಇಂಟರ್ನೆಟ್ ಸಂಪರ್ಕ ತೆಗೆದು, ಈಗಿರುವಂತೆಯೇ ಕೆಲಸ ಮಾಡಿ ಎಂಬುದು ನನ್ನ ಸಲಹೆ.

ಬೆರಳಚ್ಚು:
ಮಲೆನಾಡಿಗರ ಸಲಹೆಯ ಉತ್ತರಾರ್ಧವನ್ನು ನಾನು ಒಪ್ಪಲಾರೆ. ಡಿಟಿಪಿ ಅಂಗಡಿಗೆ ಅಪಾಯ ಬರುವುದು ಹೆಚ್ಚಾಗಿ ಗಿರಾಕಿಯ ಪೆನ್‌ಡ್ರೈವ್‌ನಿಂದ. ಅಪ್‌ಡೇಟ್ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ: 2017ರ ಮೇ ತಿಂಗಳಲ್ಲಿ, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ಎಂಬ ಕುತಂತ್ರಾಂಶ ಜಾಲದ ಮೂಲಕ ಹಬ್ಬಿದಾಗ ಅದನ್ನು ತಡೆಯುವ ಅಪ್‌ಡೇಟ್ ಮಾರ್ಚ್‌ನಲ್ಲೇ ಬಂದಿತ್ತು. ಹಾಕಿಕೊಳ್ಳದ ಅನೇಕರ ಕಡತಗಳು ಬೀಗ ಬಿದ್ದಂತಾದವು. ವಿಂಡೋಸ್ 10 ಇಟ್ಟುಕೊಂಡ ಮನೆಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ವಿಸ್ತರಿತ ಭದ್ರತಾ ಅಪ್‌ಡೇಟ್ ಪಡೆಯುವ ಅವಕಾಶವಿದೆ, ಸಂಸ್ಥೆಗಳಿಗೆ ಪ್ರತ್ಯೇಕ ಶುಲ್ಕವಿದೆ. ಆದರೆ ಇದು ಸಿದ್ಧತೆಗೆ ಸಿಕ್ಕ ಗಡುವು ಮಾತ್ರ.

ಕಗಪ ಕೀಲಿಮಣೆ:
ಇಬ್ಬರೂ ಯಂತ್ರದ ಬಗ್ಗೆ ಮಾತಾಡಿದಿರಿ, ಕಡತಗಳ ಬಗ್ಗೆ ಯಾರೂ ಹೇಳಲಿಲ್ಲ. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ, ಅದಕ್ಕೆ ಯೂನಿಕೋಡ್ (ಎಲ್ಲ ಭಾಷೆಗಳ ಅಕ್ಷರಗಳಿಗೂ ಈಗ ಬಳಸುವ ಸಮಾನ ಸಂಕೇತ ಪದ್ಧತಿ) ತಿಳಿಯದು. ಹಳೆಯ ನುಡಿ ಫಾಂಟಿನ ಕಡತದೊಳಗೆ ಇರುವುದು ಇಂಗ್ಲಿಷ್ ಸಂಕೇತಗಳು. ಆ ಫಾಂಟ್ ಇಲ್ಲದ ಕಡೆ ನಿಮ್ಮ ಇಷ್ಟು ವರ್ಷಗಳ ದುಡಿಮೆ ಓದಲಾಗದ ಗೀಚಾಗಿ ಕಾಣುತ್ತದೆ. ಯೂನಿಕೋಡ್‌ಗೆ ಪರಿವರ್ತಿಸುವಾಗ ಅರ್ಕಾವತ್ತನ್ನು ವಿಶೇಷವಾಗಿ ನೋಡಿಕೊಳ್ಳಿ: ಹಳೆಯ ಪದ್ಧತಿಯಲ್ಲಿ ಅದು ವ್ಯಂಜನದ ನಂತರ ಕೂಡುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು, ‘ವರ್ಷ’, ‘ಕಾರ್ಯ’ಗಳು ಕೆಡುವುದು ಇಲ್ಲಿಯೇ. ನನ್ನ ಒಂದು ವರದಿಯಲ್ಲಿ ಇಂಥ ತಪ್ಪುಗಳನ್ನು ತಿದ್ದಲು ಎರಡು ದಿನ ಬೇಕಾಯಿತು, ಆದರೂ ಆ ಶ್ರಮ ಸಾರ್ಥಕವೆಂದು ಈಗಲೂ ನಂಬಿದ್ದೇನೆ.

ಮಲೆನಾಡಿಗ:
ಪೆನ್‌ಡ್ರೈವ್‌ನ ವಿಷಯದಲ್ಲಿ ಬೆರಳಚ್ಚು ಅವರು ಹೇಳಿದ್ದು ಸರಿ, ನನ್ನ ಸಲಹೆಯನ್ನು ಅಷ್ಟರ ಮಟ್ಟಿಗೆ ತಿದ್ದಿಕೊಳ್ಳುತ್ತೇನೆ. ಆದರೆ ಮದುವೆ ಮುಹೂರ್ತಗಳ ಹೊತ್ತಿನಲ್ಲಿ ಹೊಸ ತಂತ್ರಾಂಶ ಕಲಿಯಿರೆಂದು ಒಬ್ಬರೇ ದುಡಿಯುವವರಿಗೆ ಹೇಳುವುದು ಸುಲಭವಲ್ಲ.

ಅಚ್ಚುಮೊಳೆ:
ಎಲ್ಲರಿಗೂ ಕೃತಜ್ಞತೆಗಳು. ಗಿರಾಕಿಗಳ ಕಡತ ತೆರೆಯಲು ವಿಂಡೋಸ್ 11 ಇರುವ ಬೇರೊಂದು ಕಂಪ್ಯೂಟರ್ ಕೊಳ್ಳುತ್ತೇನೆ. ಹಳೆಯದಕ್ಕೆ ಇಂಟರ್ನೆಟ್ ಆಗಲಿ, ಹೊರಗಿನ ಪೆನ್‌ಡ್ರೈವ್ ಆಗಲಿ ಇರುವುದಿಲ್ಲ. ಮೊದಲು ಎಲ್ಲವನ್ನೂ ಹೊರಗಿನ ಹಾರ್ಡ್‌ಡಿಸ್ಕಿಗೆ ಬ್ಯಾಕಪ್ ಮಾಡಿ, ಸಹಕಾರ ಸಂಘದ ವರದಿಗಳಿಂದ ಪರಿವರ್ತನೆ ಆರಂಭಿಸುತ್ತೇನೆ, ಏಕೆಂದರೆ ಪ್ರತಿ ವರ್ಷವೂ ಮತ್ತೆ ಬೇಕಾಗುವುದು ಅವೇ.