ತಪ್ಪು ಅನ್ನಿಸೋ ಆರ್ಡರ್ ಬಂದರೆ ಏನು ಮಾಡಬೇಕು? ಫೌಜಿನಲ್ಲಿದ್ದವರು ಹೇಳಿ

ನನ್ನ ತಮ್ಮ ಬೆಳಗಾವಿಯಲ್ಲಿ ಟ್ರೇನಿಂಗ್ ಮುಗಿಸಿ ರಜೆಗೆ ಬಂದಿದ್ದಾನೆ. ಮುಂದಿನ ತಿಂಗಳು ಪಲ್ಟನ್ ಸೇರುತ್ತಾನೆ. ನಿನ್ನೆ ಊಟಕ್ಕೆ ಕೂತಾಗ ಕೇಳಿದ: "ಅಕ್ಕಾ, ಸಾಹೇಬರು ಮಾಡಬಾರದ್ದನ್ನ ಮಾಡು ಅಂದ್ರೆ?" ನನಗೆ ಉತ್ತರ ಹೊಳೆಯಲಿಲ್ಲ.

ನಿವೃತ್ತ ಹವಾಲ್ದಾರ್, ಹಾಸನ
ತಂಗೀ, ಈಗಲೇ ಕೇಳಿದ್ದು ಒಳ್ಳೇದಾಯ್ತು. ನಾನು ಈಶಾನ್ಯದಲ್ಲಿದ್ದಾಗ ಒಂದು ರಾತ್ರಿ ಹುಡುಗನೊಬ್ಬನನ್ನು ಹಿಡಿದು ತಂದಿದ್ದೆವು. ಒಂದೇ ಕಾಲಲ್ಲಿ ಚಪ್ಪಲಿ ಇತ್ತು, ಇನ್ನೊಂದು ಗದ್ದೆ ಕೆಸರಲ್ಲಿ ಉಳಿದಿತ್ತು. "ಬಾಯಿ ಬಿಡೋವರೆಗೂ ಬಡಿ" ಅಂದರು ಸಾಹೇಬರು. ನಾನು ಕೈಲಿದ್ದ ಬಿದಿರು ಕೋಲನ್ನು ಗೋಡೆಗೆ ಒರಗಿಸಿದೆ. ಸಾವಧಾನ್ ನಿಂತು, "ಸಾಬ್, ಇವನನ್ನು ಠಾಣೆಗೆ ಒಪ್ಪಿಸಬೇಕು. ನಾನೇ ಕರ್ಕೊಂಡು ಹೋಗ್ತೀನಿ" ಅಂದೆ. ದನಿ ಏರಿಸಲಿಲ್ಲ. ಮಂಡಿ ಮಾತ್ರ ನಡುಗುತ್ತಿತ್ತು.

ಧೈರ್ಯ ಬಂದದ್ದು ಸೇನೆಯೇ ಕೊಟ್ಟ ಸೂಚನೆಗಳಿಂದ. ಬಾಯಿ ಬಿಡಿಸಲು ಹಿಂಸೆ ಕೊಡಬಾರದು, ಹಿಡಿದವರನ್ನು ತಡಮಾಡದೆ ಹತ್ತಿರದ ಠಾಣೆಗೆ ಒಪ್ಪಿಸಬೇಕು ಅಂತ ಅವುಗಳಲ್ಲೇ ಇದೆ. ಅವನ್ನು ಪಾಲಿಸಲೇಬೇಕು ಅಂತ 1997ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ.

ಬೆಳಗಾಗುವ ಮುಂಚೆ ಹುಡುಗ ಠಾಣೆ ತಲುಪಿದ. ನನಗೆ ಆ ವರ್ಷ ರಜೆ ಸಿಗಲಿಲ್ಲ. ಅದಕ್ಕಿಂತ ಜಾಸ್ತಿ ನೋವಾಗಿದ್ದು, ಜೊತೆಯವರು ಎರಡು ವಾರ ಊಟಕ್ಕೆ ನನ್ನ ಪಕ್ಕ ಕೂರಲಿಲ್ಲ.

ಇದನ್ನೂ ತಮ್ಮನಿಗೆ ಹೇಳಮ್ಮ. ಕೊರೆಯೋ ಚಳಿಯಲ್ಲಿ ಸಂತ್ರಿ ಡ್ಯೂಟಿ, ಗುಂಡು ಹಾರುವಾಗ ಮುಂದೆ ಹೋಗೋದು, ಇವಕ್ಕೆ ಇಲ್ಲ ಅನ್ನೋ ಹಾಗಿಲ್ಲ. ಅಲ್ಲಿ ಇವನು ಹಿಂದೆ ಸರಿದರೆ ಪಕ್ಕದವನು ಸಾಯುತ್ತಾನೆ.

ಯೂನಿಟ್ ಕ್ಲರ್ಕ್ ಆಗಿದ್ದವನು, ಧಾರವಾಡ
1950ರ ಸೇನಾ ಕಾಯ್ದೆಯ 41ನೇ ಸೆಕ್ಷನ್ ನೋಡಿ. ಮೇಲಿನವರ ಆದೇಶವನ್ನು ಬೇಕಂತಲೇ ಧಿಕ್ಕರಿಸಿದರೆ 14 ವರ್ಷದವರೆಗೂ ಜೈಲು. ಆದರೆ ಅಲ್ಲಿರೋದು 'ಕಾನೂನುಬದ್ಧ ಆದೇಶ' ಅನ್ನೋ ಮಾತು. ತೊಂದರೆ ಏನಂದ್ರೆ, ಅದು ಕಾನೂನುಬದ್ಧ ಹೌದೋ ಅಲ್ವೋ ಅಂತ ತೀರ್ಮಾನ ಆಗೋದು ಆಮೇಲೆ, ಸೇನೆಯ ನ್ಯಾಯಾಲಯವಾದ ಕೋರ್ಟ್ ಮಾರ್ಷಲ್‌ನಲ್ಲಿ. ಹಾಗಾಗಿ ಅದೇ ದಿನ ಸುಬೇದಾರ್ ಸಾಹೇಬರಿಗೆ ಹೇಳಬೇಕು, ಪಲ್ಟನ್ನಿನ ಮುಖ್ಯ ಅಧಿಕಾರಿ ಸಿಓವರೆಗೂ ಮುಟ್ಟಿಸಬೇಕು. ತಾರೀಕು, ಹೊತ್ತು, ಅಲ್ಲಿ ಯಾರಿದ್ದರು ಅಂತ ಬರೆದಿಟ್ಟುಕೊಳ್ಳಲಿ. ಸುಮ್ನೆ ವಾದಕ್ಕೆ ಇಳಿಯೋದು ಬೇಡ.

ಮೇಷ್ಟ್ರು, ಮಡಿಕೇರಿ
ಫೌಜಿನಲ್ಲಿದ್ದ ನಮ್ಮಪ್ಪ, ಬ್ರಿಟಿಷರ ಸೇನೆಯಲ್ಲಿದ್ದ ಚಂದ್ರ ಸಿಂಗ್ ಗಢವಾಲಿಯವರ ವಿಷಯ ಹೇಳುತ್ತಿದ್ದರು. 1930ರ ಏಪ್ರಿಲ್ 23, ಪೇಶಾವರ. ನಿರಾಯುಧ ಜನರ ಮೇಲೆ ಗುಂಡು ಹಾರಿಸಿ ಅಂದಾಗ ಅವರೂ ಅವರ ಗಢವಾಲಿ ಜೊತೆಗಾರರೂ ಹಾರಿಸಲಿಲ್ಲ. ಬೇರೆ ಪಡೆಯವರು ಹಾರಿಸಿದರು, ಜನ ಸತ್ತರು. ಚಂದ್ರ ಸಿಂಗ್ ಅವರಿಗೆ ಜೀವಾವಧಿ ಶಿಕ್ಷೆಯಾಯಿತು, ಹೊರಬಂದದ್ದು 1941ರಲ್ಲಿ. ಕಥೆಯ ಈ ಭಾಗವನ್ನು ಅಪ್ಪ ಯಾವತ್ತೂ ಬಿಡುತ್ತಿರಲಿಲ್ಲ.

ಕೇಳಿದವಳು
ಎಲ್ಲವನ್ನೂ ತಮ್ಮನಿಗೆ ಓದಿ ಹೇಳಿದೆ. "ಆ ಸೂಚನೆಗಳು ಎಲ್ಲಿ ಸಿಗುತ್ತವೆ?" ಅಂತ ಕೇಳ್ತಿದ್ದಾನೆ.

ನಿವೃತ್ತ ಹವಾಲ್ದಾರ್, ಹಾಸನ
ರಜೆ ಮುಗಿಯೋ ಮುಂಚೆ ಒಂದು ದಿನ ನಮ್ಮ ಮನೆಗೆ ಕಳಿಸು ತಂಗೀ. ಕೂರಿಸಿಕೊಂಡು ಬಾಯಿಪಾಠ ಮಾಡಿಸ್ತೀನಿ.