8,000 ರೂಪಾಯಿಯೊಳಗೆ ಡೈವ್ ವಾಚು ಬೇಕು, ನೇತ್ರಾಣಿಗೆ ಹೊರಟಿದ್ದೇನೆ

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ನವೆಂಬರ್‌ನಲ್ಲಿ ಮುರುಡೇಶ್ವರಕ್ಕೆ ಹೋಗಿ ಓಪನ್ ವಾಟರ್ ಕೋರ್ಸ್ (ಸ್ಕೂಬಾ ಡೈವಿಂಗಿನ ಮೊದಲ ಹಂತದ ಕೋರ್ಸ್) ಮಾಡುವುದು ಅಂತ ಕೊನೆಗೂ ತೀರ್ಮಾನ ಮಾಡಿದ್ದೇನೆ. ಹೋದ ವರ್ಷ ಅಲ್ಲಿಯ ನೇತ್ರಾಣಿ ದ್ವೀಪದಲ್ಲಿ ಸುಮ್ನೆ ಒಂದು ಸಲ ನೋಡೋಣ ಅಂತ ಮುಳುಗಿದ್ದೆ, ಆ ಮೀನಿನ ಹಿಂಡು ಇನ್ನೂ ಕಣ್ಣಿಂದ ಹೋಗಿಲ್ಲ. ಕೋರ್ಸ್ ಫೀಸಿಗೇ ಒಂದು ವರ್ಷ ದುಡ್ಡು ಕೂಡಿಟ್ಟಿದ್ದೇನೆ. ವಾಚಿಗೆ ಅಂತ ಉಳಿದಿರುವುದು 8,000, ಅದರ ಮೇಲೆ ಆಗುವುದಿಲ್ಲ.

ಆನ್‌ಲೈನಲ್ಲಿ 1,500 ರೂಪಾಯಿಗೇ ತಿರುಗುವ ರಿಂಗ್ ಇರುವ, ನೋಡಲು ಥೇಟ್ ಡೈವ್ ವಾಚಿನ ಹಾಗಿರುವ ಎಷ್ಟೋ ವಾಚುಗಳು ಸಿಗುತ್ತಿವೆ, ಹಿಂದೆ 30 ಮೀಟರ್ ಅಂತ ಬರೆದಿದೆ. ಕೋರ್ಸಿನಲ್ಲಿ ಇಳಿಯುವುದು ಹೆಚ್ಚೆಂದರೆ 18 ಮೀಟರ್, ಹಾಗಾದರೆ 30 ಸಾಕಲ್ವಾ ಅಂತ ನಮ್ಮ ಮಾವ ಕೇಳುತ್ತಾರೆ. ಲೆಕ್ಕ ಸರಿಯಾಗೇ ಕಾಣುತ್ತದೆ, ಆದರೆ ಧೈರ್ಯ ಬರುತ್ತಿಲ್ಲ. ಇನ್ನೊಂದು, ಆಟೊಮ್ಯಾಟಿಕ್ (ಸೆಲ್ ಇಲ್ಲದೆ, ಕೈ ಆಡಿದಾಗ ತಾನೇ ಕೀ ತುಂಬಿಕೊಳ್ಳುವುದು) ಆದರೆ ಮಾತ್ರ ನಿಜವಾದ ವಾಚು ಅಂತ ಸ್ನೇಹಿತ ಹೇಳುತ್ತಾನೆ. ನನ್ನ ಹತ್ತಿರ ಈಗ ಇರುವುದು ಅಪ್ಪನ ಕೀ ಕೊಡುವ ಎಚ್‌ಎಂಟಿ ಒಂದೇ.

ಕಡಲಕರೆ:

ಮೊದಲು ಒಂದು ಮಾತು ಮಾರಾಯ್ರೇ, ಅಪ್ಪನ ಎಚ್‌ಎಂಟಿಯನ್ನು ಮನೆಯಲ್ಲೇ ಬಿಟ್ಟು ಬನ್ನಿ. ದೋಣಿಗೂ ತರಬೇಡಿ, ಉಪ್ಪು ನೀರು ಹಾರುತ್ತದೆ.

30 ಮೀಟರ್ ಅಂದರೆ ಕೈ ತೊಳೆಯುವಾಗ, ಮಳೆಯಲ್ಲಿ ನೆನೆಯುವಾಗ ಹಾಳಾಗುವುದಿಲ್ಲ ಅಂತ ಅರ್ಥ. ಅಷ್ಟೇ. ನಾನು ಎಂಟು ವರ್ಷದಿಂದ ಡೈವ್ ಮಾಡುತ್ತಿದ್ದೇನೆ, ಮೊದಲ ವರ್ಷ ಅಂಥದ್ದೇ ಒಂದು ಕಟ್ಟಿಕೊಂಡು ಇಳಿದಿದ್ದೆ. ಮೇಲೆ ಬಂದಾಗ ಗ್ಲಾಸಿನ ಒಳಗೆ ಮಂಜು, ಮಾರನೆ ದಿನ ಮುಳ್ಳು ನಿಂತೇ ಹೋಗಿತ್ತು.

ನಿಮ್ಮ ಬಜೆಟ್‌ಗೆ ನನ್ನ ಉತ್ತರ ಒಂದೇ: ಕ್ಯಾಸಿಯೊ ಡ್ಯೂರೊ. ಮಾಡೆಲ್ ನಂಬರ್ ಎಂಡಿವಿ-106, ಅಥವಾ ಅದರ ನಂತರ ಬಂದ 107. 200 ಮೀಟರ್, ತಿರುಪಿನ ಹಾಗೆ ಬಿಗಿ ಮಾಡುವ ಕ್ರೌನ್ (ಪಕ್ಕದಲ್ಲಿರುವ, ಸಮಯ ಸರಿಪಡಿಸುವ ಗುಂಡಿ), ಒಂದೇ ಕಡೆ ತಿರುಗುವ ಬೆಜೆಲ್ (ಡಯಲ್ ಸುತ್ತಲಿನ ರಿಂಗ್). ಈ ಮೂರೂ ಇರುವ ವಾಚು, ಹೆಸರು ಗೊತ್ತಿರುವ ಕಂಪನಿಯದ್ದು, ಇಷ್ಟು ಕಡಿಮೆ ಬೆಲೆಗೆ ಬೇರೆ ನನ್ನ ಕಣ್ಣಿಗೆ ಬಿದ್ದಿಲ್ಲ. 44 ಮಿಲಿಮೀಟರ್ ಇದೆ, ಸಣ್ಣ ಕೈಗೆ ದೊಡ್ಡದೇ. ಕತ್ತಲಲ್ಲಿ ಹೊಳೆಯುವ ಬಣ್ಣ ಬೇಗ ಮಂಕಾಗುತ್ತದೆ. ಹಗಲು ಡೈವ್‌ಗೆ ಅದರಿಂದ ತೊಂದರೆ ಏನೂ ಆಗಲಿಲ್ಲ.

ಬೆಜೆಲ್ ಒಂದೇ ಕಡೆ ಯಾಕೆ ತಿರುಗಬೇಕು ಅಂದರೆ, ನೀರಿಗೆ ಇಳಿಯುವಾಗ ಅದರ ತ್ರಿಕೋನದ ಗುರುತನ್ನು ನಿಮಿಷದ ಮುಳ್ಳಿನ ಎದುರಿಗೆ ತಂದು ಇಟ್ಟುಕೊಳ್ಳುತ್ತೀರಿ, ಆಮೇಲೆ ಕೆಳಗೆ ಎಷ್ಟು ನಿಮಿಷ ಆಯಿತು ಅಂತ ನೇರವಾಗಿ ಓದಬಹುದು. ಕಲ್ಲಿಗೋ ಸಿಲಿಂಡರಿಗೋ ತಾಗಿ ರಿಂಗ್ ಸರಿದರೂ ಹೆಚ್ಚು ಸಮಯ ಆದ ಹಾಗೆ ತೋರಿಸುತ್ತದೆಯೇ ಹೊರತು ಕಡಿಮೆ ತೋರಿಸುವುದಿಲ್ಲ. ನೀವು ಸ್ವಲ್ಪ ಬೇಗ ಮೇಲೆ ಬರುತ್ತೀರಿ, ಗಾಳಿ ಉಳಿದಿರುತ್ತದೆ. ಎರಡೂ ಕಡೆ ತಿರುಗುವ ರಿಂಗ್ ಈ ಕೆಲಸಕ್ಕೆ ಬರುವುದಿಲ್ಲ. ಕ್ಯಾಸಿಯೊದವರದ್ದೇ ಎಂಆರ್‌ಡಬ್ಲ್ಯೂ-200ಎಚ್ ಅಗ್ಗ ಇದೆ, ನೋಡಲು ಡೈವ್ ವಾಚಿನ ಹಾಗೇ ಇದೆ, ಆದರೆ ಅದು 100 ಮೀಟರ್, ರಿಂಗ್ ಎರಡೂ ಕಡೆ ತಿರುಗುತ್ತದೆ. ಈಜಲು ಆಗುತ್ತದೆ, ಡೈವ್‌ಗೆ ಬೇಡ.

ಮುಳ್ಳುಸೆಕೆಂಡು:

ಡ್ಯೂರೊ ಒಳ್ಳೆಯದೇ, ಒಪ್ಪುತ್ತೇನೆ. ಆದರೆ ಸ್ನೇಹಿತರು ಹೇಳಿದ್ದರಲ್ಲೂ ಸ್ವಲ್ಪ ಸತ್ಯ ಇದೆ. ಸೀಕೊ ಎಸ್‌ಕೆಎಕ್ಸ್007 ಅಂತ ಒಂದು ಆಟೊಮ್ಯಾಟಿಕ್ ಇತ್ತು, 1996ರಿಂದ ಇತ್ತು, 2019ರ ಹೊತ್ತಿಗೆ ನಿಲ್ಲಿಸಿದರು. ಡೈವರ್‌ಗಳ ವಾಚಿಗೆ ಅಂತಲೇ ಇರುವ ಐಎಸ್‌ಒ 6425 ಮಟ್ಟದ್ದು. ಸೆಕೆಂಡ್‌ಹ್ಯಾಂಡ್ ಒಳ್ಳೆಯದು ಸಿಕ್ಕರೆ ಬಿಡಬೇಡಿ, ಮುಂದೆ ಮಕ್ಕಳಿಗೂ ಕೊಡಬಹುದು. ಹೊಸ ಸೀಕೊ 5 ಸ್ಪೋರ್ಟ್ಸ್ ಅದೇ ಮುಖ ಹೊತ್ತು ಬಂದಿದೆ, ಅದು 100 ಮೀಟರ್, ಕ್ರೌನಿಗೆ ತಿರುಪೂ ಇಲ್ಲ. ಮೋಸ ಹೋಗಬೇಡಿ.

ಮತ್ತೆ 30 ಮೀಟರ್ ಯಾಕೆ ಸಾಲದು ಅಂದರೆ, ನೀರೊಳಗೆ ಕೈ ಬೀಸಿದಾಗ ಒತ್ತಡ ಎಷ್ಟೋ ಪಟ್ಟು ಜಾಸ್ತಿಯಾಗುತ್ತದೆ, ಅದಕ್ಕೆ.

ಹಿತ್ತಾಳೆಚಿಮಟ:

ವಾಚ್ ರಿಪೇರಿ ನನ್ನ ಕಸುಬು, ಅದಕ್ಕೇ ಬರೆಯುತ್ತಿದ್ದೇನೆ. ಕೈ ಬೀಸಿದರೆ ಒತ್ತಡ ಪಟ್ಟು ಪಟ್ಟು ಏರುತ್ತದೆ ಅನ್ನುವುದು ತಪ್ಪು. ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಕೈ ಬೀಸಿದರೂ ಸೇರುವುದು 0.125 ಬಾರ್ (ಬಾರ್ ಅಂದರೆ ಒತ್ತಡದ ಅಳತೆ), ಅಂದರೆ ಒಂದೂಕಾಲು ಮೀಟರ್ ಆಳದಷ್ಟು. 18 ಮೀಟರಿನಲ್ಲಿ ನೀರಿನ ಒತ್ತಡ ಸುಮಾರು 1.8 ಬಾರ್, ವಾಚಿನ ಮೇಲೆ ಬರೆದಿರುವ 30 ಮೀಟರ್ ಅಂದರೆ 3 ಬಾರ್. ಕಾಗದದ ಮೇಲೆ ಮಾವನವರ ಲೆಕ್ಕ ಸರಿ.

ತೊಂದರೆ ಇರುವುದು ರಬ್ಬರ್ ರಿಂಗಿನಲ್ಲಿ. ಹಿಂದಿನ ಮುಚ್ಚಳದ ಕೆಳಗೆ ಒಂದು, ಕ್ರೌನಿನಲ್ಲಿ ಒಂದು ಸಣ್ಣದು. ಬೆವರು, ಸೋಪು, ಬಿಸಿ ನೀರು ತಾಗಿ ತಾಗಿ ಅದು ಗಟ್ಟಿಯಾಗುತ್ತದೆ, ಬಿರುಕು ಬಿಡುತ್ತದೆ. ವಾಚಿನ ಮೇಲೆ ಬರೆದ ಸಂಖ್ಯೆ ಹೊಸದಾಗಿದ್ದಾಗಿನದ್ದು. 30 ಮೀಟರ್ ವಾಚಿನಲ್ಲಿ ಕ್ರೌನ್ ಬರೀ ಒತ್ತಿ ಕೂತಿರುತ್ತದೆ, ಏನಾದರೂ ತಾಗಿ ಕೂದಲೆಳೆಯಷ್ಟು ಹೊರಗೆ ಬಂದರೂ ಸಾಕು. ಮಾಮೂಲಿ ವಾಚುಗಳಲ್ಲಿ ಕೆಲವನ್ನು ಮಾತ್ರ ಆರಿಸಿ ಪರೀಕ್ಷೆ ಮಾಡಿದರೂ ನಡೆಯುತ್ತದೆ. ಐಎಸ್‌ಒ 6425ರಲ್ಲಿ ಪ್ರತಿ ವಾಚನ್ನೂ ಬರೆದದ್ದಕ್ಕಿಂತ ಕಾಲು ಭಾಗ ಜಾಸ್ತಿ ಒತ್ತಡಕ್ಕೆ ಹಾಕುತ್ತಾರೆ, 200 ಮೀಟರಿನದ್ದಕ್ಕೆ 25 ಬಾರ್. ಡ್ಯೂರೊಗೆ ಆ ಸರ್ಟಿಫಿಕೇಟ್ ಇಲ್ಲ, ಆದರೆ 18 ಮೀಟರ್ ಎಲ್ಲಿ, 200 ಎಲ್ಲಿ. ಆ ಅಂತರವೇ ನಿಮ್ಮನ್ನು ಕಾಯುವುದು.

ಇದೇ ಕಾರಣಕ್ಕೆ ಹಳೆಯ ಎಸ್‌ಕೆಎಕ್ಸ್ ಈಗ ಬೇಡ ಅಂತೀನಿ. ಒಳ್ಳೆಯ ವಾಚೇ, ಆದರೆ ಎಷ್ಟು ಕೈ ಬದಲಾಗಿದೆ, ಯಾರು ಬಿಚ್ಚಿದ್ದಾರೆ, ರಿಂಗ್ ಬದಲಾಯಿಸಿದ್ದಾರಾ, ಒಂದೂ ಗೊತ್ತಾಗುವುದಿಲ್ಲ. ಸರ್ವಿಸ್, ರಿಂಗ್, ಒತ್ತಡದ ಪರೀಕ್ಷೆ ಎಲ್ಲ ಸೇರಿಸಿದರೆ 8,000 ದಾಟಿಬಿಡುತ್ತದೆ. ಡ್ಯೂರೊ ಥರ ಸೆಲ್ಲಿನಿಂದ ಓಡುವ ಹೊಸ ಕ್ವಾರ್ಟ್ಜ್ ತಗೊಳ್ಳಿ. ಮೂರು ವರ್ಷಕ್ಕೊಮ್ಮೆ ಸೆಲ್ ಹಾಕಿಸುವಾಗ ಮಾತ್ರ ಹುಷಾರು. ಸೆಲ್ ಬದಲಾಯಿಸಿ, ಹಳೇ ರಿಂಗನ್ನೇ ಒತ್ತಿ ಮುಚ್ಚಿ ಕೊಟ್ಟದ್ದರಿಂದ ನೀರು ಹೋದ ವಾಚುಗಳು ನನ್ನ ಮೇಜಿಗೆ ತುಂಬ ಬರುತ್ತವೆ, ನೋಡಿದರೆ ಹೊಟ್ಟೆ ಉರಿಯುತ್ತದೆ. ಹೊಸ ರಿಂಗ್ ಹಾಕಿ, ಒತ್ತಡದ ಪರೀಕ್ಷೆ ಮಾಡಿ ಕೊಡುತ್ತೀರಾ ಅಂತ ಮೊದಲೇ ಕೇಳಿ. ಇಲ್ಲ ಅಂದರೆ ಬೇರೆ ಕಡೆ ಹೋಗಿ.

ಮುಳ್ಳುಸೆಕೆಂಡು:

ಕೈ ಬೀಸುವ ವಿಷಯ ನಾನೂ ಎಲ್ಲೋ ಓದಿ ನಂಬಿಕೊಂಡಿದ್ದೆ, ತಿದ್ದಿದ್ದಕ್ಕೆ ಥ್ಯಾಂಕ್ಸ್ ಅಣ್ಣ. ಸೆಲ್ ತಲೆನೋವೇ ಬೇಡ ಅಂದರೆ ಸಿಟಿಜನ್ ಪ್ರೊಮಾಸ್ಟರ್ ಇದೆ, ಬೆಳಕಿನಿಂದಲೇ ಚಾರ್ಜ್ ಆಗುತ್ತದೆ, ಡಯಲ್ ಮೇಲೇ ಡೈವರ್ಸ್ 200 ಎಂ ಅಂತ ಇರುತ್ತದೆ. ಆದರೆ 8,000ಕ್ಕೆ ಬರುವುದಿಲ್ಲ. ಮುಂದೆ ಯಾವತ್ತಾದರೂ ತಗೊಳ್ಳಿ. ನಮ್ಮ ಎಚ್‌ಎಂಟಿ ವಾಚು 1961ರಲ್ಲಿ ಬೆಂಗಳೂರಲ್ಲಿ ಶುರುವಾದದ್ದೂ ಸಿಟಿಜನ್ ಜೊತೆ ಸೇರಿಯೇ, ಅಪ್ಪನ ವಾಚಿನ ಪಕ್ಕದಲ್ಲಿ ಇಟ್ಟರೆ ಚೆಂದ.

ತುಂಗಾತೀರ:

ಎಲ್ಲರಿಗೂ ತುಂಬ ಥ್ಯಾಂಕ್ಸ್. ಮಾವನಿಗೆ ಓದಿ ಹೇಳಿದೆ, ರಬ್ಬರ್ ರಿಂಗಿನ ವಿಷಯ ಕೇಳಿ ತಕ್ಷಣ ಒಪ್ಪಿಕೊಂಡರು, ಅವರದ್ದು ಪಂಪ್‌ಸೆಟ್ ರಿಪೇರಿ ಕೆಲಸ. ಡ್ಯೂರೊನೇ ತಗೊಳ್ಳುತ್ತೇನೆ. ನೀರೊಳಗೆ ಆಳ, ಸಮಯದ ಲೆಕ್ಕ ಇಡುವ ಡೈವ್ ಕಂಪ್ಯೂಟರ್ ಬೇಕೇ ಬೇಕಾ? ಅದಕ್ಕೆ ದುಡ್ಡಿಲ್ಲ.

ಕಡಲಕರೆ:

ಕೋರ್ಸಿಗೆ ಅಂತ ಈಗ ಕೊಳ್ಳಬೇಡಿ, ಅಲ್ಲಿ ಕೊಡುತ್ತಾರಾ ಅಂತ ಫೋನ್ ಮಾಡಿ ಕೇಳಿ. ಆಳ, ಸಮಯ ಎಲ್ಲ ಅದೇ ನೋಡಿಕೊಳ್ಳುತ್ತದೆ, ವಾಚು ಅದರ ಜೊತೆಗೆ ಇರುವ ಎರಡನೇ ಕಣ್ಣು. ವಾಚು ನಂಬಿಕೊಂಡು ಕಂಪ್ಯೂಟರ್ ಬಿಟ್ಟು ಇಳಿಯಬೇಡಿ. ಮೇಲೆ ಬರುವಾಗ 5 ಮೀಟರಿನಲ್ಲಿ 3 ನಿಮಿಷ ನಿಲ್ಲುತ್ತೇವಲ್ಲ, ಆಗ ಬೆಜೆಲ್ ತಿರುಗಿಸಿ ಎಣಿಸುವ ಅಭ್ಯಾಸ ಮಾಡಿಕೊಳ್ಳಿ, ಎರಡೂ ಒಂದೇ ಹೇಳುತ್ತವಾ ನೋಡಿ.

ಉಳಿದ ದುಡ್ಡಲ್ಲಿ 22 ಮಿಲಿಮೀಟರ್ ನ್ಯಾಟೊ ಬೆಲ್ಟ್ (ವಾಚಿನ ಅಡಿಯಿಂದ ಹಾದು ಹೋಗುವ ಒಂದೇ ಉದ್ದನೆ ಪಟ್ಟಿ) ಒಂದು ತಗೊಳ್ಳಿ. ಬೆಲ್ಟ್ ಹಿಡಿದಿರುವ ಎರಡು ಕಡ್ಡಿಗಳಲ್ಲಿ ಒಂದು ಮುರಿದರೂ ವಾಚು ಕೈಯಲ್ಲೇ ಉಳಿಯುತ್ತದೆ, ವೆಟ್‌ಸೂಟಿನ ಮೇಲೂ ಕಟ್ಟಬಹುದು. ಇಳಿಯುವ ಮುಂಚೆ ಕ್ರೌನ್ ಬಿಗಿ ಇದೆಯಾ ಮುಟ್ಟಿ ನೋಡಿ, ದಡಕ್ಕೆ ಬಂದ ಮೇಲೆ ಸಿಹಿ ನೀರಲ್ಲಿ ತೊಳೆದು ಬೆಜೆಲ್ ನಾಲ್ಕು ಸುತ್ತು ತಿರುಗಿಸಿ, ಉಪ್ಪು ಕೂರಬಾರದು. ಒದ್ದೆ ಇರುವಾಗ ಕ್ರೌನ್ ಬಿಚ್ಚಬೇಡಿ.

ನವೆಂಬರ್‌ನಲ್ಲಿ ನಾನೂ ಬರುತ್ತೇನೆ, ತಾರೀಖು ಹಾಕಿ.